ಮೋಡ ಮುಚ್ಚಿದ್ರೆ ಏನ್ಮಾಡ್ತೀರಿ?

ಹೊಸದುರ್ಗದ ಕಡೆ ಇರೋ ನಮ್ಮ ತೋಟದ ಮನೆಗೆ ಕರೆಂಟ್ ಕಂಬ ಬಂದಿಲ್ಲ. ರಸ್ತೆಯಿಂದ ಇಲ್ಲಿತನಕ ಲೈನ್ ಎಳೆಸೋ ಖರ್ಚು ಕೇಳಿ ಸುಮ್ಮನಾಗಿ ಸೋಲಾರ್ ಹಾಕಿಸಿಕೊಂಡ್ವಿ. ಮನೆಗೆ ಬಂದವರು ಕಾಫಿ ಲೋಟ ಕೆಳಗಿಡೋದರೊಳಗೆ ಕೇಳೋದು ಒಂದೇ ಪ್ರಶ್ನೆ: "ಅಲ್ರೀ, ನಾಲ್ಕು ದಿನ ಮೋಡ ಮುಚ್ಕೊಂಡ್ರೆ ಏನ್ಮಾಡ್ತೀರಿ?" ಉತ್ತರವನ್ನೂ ಅವರೇ ಕೊಡ್ತಾರೆ: "ದೊಡ್ಡ ಬ್ಯಾಟರಿ ಇಟ್ಟಿರ್ತೀರಿ ಬಿಡಿ."

ಇಟ್ಟಿದ್ದೆ. ಎಡವಿದ್ದೇ ಅಲ್ಲಿ.

ಮೊದಲ ಸಲ 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ನಾಲ್ಕು ತಂದೆ. ವೋಲ್ಟನ್ನೂ ಎಎಚ್ಚನ್ನೂ ಗುಣಿಸಿದ್ರೆ ಒಂದರಲ್ಲಿ 1800 ವಾಟ್-ಅವರ್, ಅಂದ್ರೆ 1.8 ಯೂನಿಟ್; ನಾಲ್ಕಕ್ಕೆ 7.2. ಇಂಥ ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಇಟ್ಕೊಂಡ್ರೂ ಮೂರೂವರೆ ಯೂನಿಟ್ ಕೈಗೆ ಸಿಗುತ್ತೆ. ನಮಗೆ ದಿನಕ್ಕೆ ಬೇಕಾಗೋದು ಹೆಚ್ಚುಕಮ್ಮಿ ಎರಡು. ದುಡ್ಡೆಲ್ಲ ಬ್ಯಾಟರಿಗೇ ಸುರಿದಿದ್ದರಿಂದ ಪ್ಯಾನೆಲ್ ಮಾತ್ರ ಎರಡೇ, 330 ವಾಟಿನವು. ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಯೂನಿಟ್ ಕೊಡ್ತಿದ್ವು. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗ್ತಿತ್ತು, ಅಷ್ಟೆ.

ನಮ್ಮ ಕಡೆ ಆಷಾಢದಲ್ಲಿ ಮಳೆಗಿಂತ ಮೋಡ, ಗಾಳಿಯೇ ಜಾಸ್ತಿ. ದಟ್ಟ ಮೋಡದ ದಿನ ಪ್ಯಾನೆಲ್‌ನಿಂದ ಬರೋದು ಬಿಸಿಲಿನ ದಿನದ ಐದನೇ ಒಂದು ಪಾಲು, ಕೆಲವೊಮ್ಮೆ ಅದೂ ಇಲ್ಲ. ಎರಡೇ ದಿನಕ್ಕೆ ಬ್ಯಾಟರಿ ಅರ್ಧಕ್ಕೆ ಬಂತು. ಮೋಡ ಹರಿದ ಮೇಲೂ ದಿನದ ಖರ್ಚು ಕಳೆದು ಉಳಿಯೋದು ಅರ್ಧ ಯೂನಿಟ್; ಅಷ್ಟರಲ್ಲಿ ಬ್ಯಾಟರಿ ತುಂಬೋದು ಯಾವಾಗ? ಆಸಿಡ್ಡಿನ ಸಾಂದ್ರತೆ ಅಳೆಯೋ ಹೈಡ್ರೋಮೀಟರಿನ ರಬ್ಬರ್ ಬುರುಡೆ ಅಮುಕಿ ಆಸಿಡ್ ಮೇಲೆಳೆದರೆ ಒಳಗಿನ ತೇಲುಗಡ್ಡಿ 1.18ರ ಹತ್ತಿರ ಅಲ್ಲಾಡ್ತಾ ನಿಲ್ಲೋದು. ತುಂಬಿದ್ದಿದ್ರೆ 1.25 ದಾಟಬೇಕು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ನಿಂತ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಎಷ್ಟು ಬಿಸಿಲು ಬಂದ್ರೂ ಕರಗಲ್ಲ. ಮೂರನೇ ವರ್ಷಕ್ಕೆ ನಾಲ್ಕನ್ನೂ ಗುಜರಿಗೆ ಹಾಕಿದೆ. ಸೀಸಕ್ಕೆ ಬೆಲೆ ಇದೆ ಅನ್ನೋದೊಂದೇ ಸಮಾಧಾನ.

ನಮ್ಮ ಮಾರಿಕಣಿವೆಯನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಲ್ಲಿನ ಕಟ್ಟೆ, ಮತ್ತೆ ತುಂಬೋಕೆ 89 ವರ್ಷ ಕಾಯ್ತು. ಬ್ಯಾಟರಿಗೆ ಆ ತಾಳ್ಮೆ ಇಲ್ಲ.

ಈಗ ಅದೇ 330 ವಾಟಿನ ಪ್ಯಾನೆಲ್ ಆರಿವೆ, ಹತ್ತಿರ ಹತ್ತಿರ ಎರಡು ಕಿಲೋವಾಟ್. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, ಸುಮಾರು ಐದು ಯೂನಿಟ್ಟಿನದು. ಅದು ಅರ್ಧ ತುಂಬಿ ನಿಂತ್ರೂ ಕೆಡಲ್ಲ, ನಾಲ್ಕು ಯೂನಿಟ್ ಧೈರ್ಯವಾಗಿ ತೆಗೀಬಹುದು. ಬಿಸಿಲಿದ್ದಾಗ ದಿನಕ್ಕೆ ಎಂಟು ಯೂನಿಟ್ ಬರುತ್ತೆ, ಮುಕ್ಕಾಲು ಪಾಲು ದಂಡ. ಇಷ್ಟು ಪ್ಯಾನೆಲ್ ಯಾಕೆ ಅಂತ ನಗ್ತಾರೆ. ಮೋಡದ ದಿನ ಅದರ ಐದನೇ ಒಂದು ಪಾಲು ಅಂದ್ರೂ ಒಂದೂವರೆ ಯೂನಿಟ್ ಆಯ್ತಲ್ಲ. ಕೊರತೆ ಬೀಳೋದು ಅರ್ಧ ಯೂನಿಟ್, ಅದನ್ನ ಬ್ಯಾಟರಿ ತುಂಬಿಕೊಡುತ್ತೆ. ಹೀಗೆ ವಾರ ತಳ್ಳಬಹುದು. ಪ್ಯಾನೆಲ್ಲಿಗೆ ಆಸಿಡ್ಡೂ ಇಲ್ಲ, ನೀರೂ ಹಾಕ್ಬೇಕಿಲ್ಲ. ಧೂಳು ಒರೆಸಿದ್ರೆ ಸಾಕು.

ಇನ್ನೊಂದು, ಕೆಲಸಗಳನ್ನ ಹಗಲಿಗೆ ತಂದ್ವಿ. ರುಬ್ಬೋದು, ಇಸ್ತ್ರಿ, ಟ್ಯಾಂಕಿಗೆ ನೀರು ಏರಿಸೋದು ಎಲ್ಲ ಹನ್ನೊಂದರಿಂದ ಮೂರರೊಳಗೆ. ರಾತ್ರಿಗೆ ಉಳಿದದ್ದು ಫ್ರಿಜ್ಜು, ಎಲ್‌ಇಡಿ, ಕಮ್ಮಿ ಕರೆಂಟ್ ಎಳೆಯೋ ಬಿಎಲ್‌ಡಿಸಿ ಮೋಟಾರಿನ 30 ವಾಟ್ ಫ್ಯಾನು. ಹಳೇ ಫ್ಯಾನು 75 ವಾಟ್ ಎಳೀತಿತ್ತು.

ಟ್ಯಾಂಕ್ ಅಂದಾಗ ನೆನಪಾಯ್ತು. ರಾತ್ರಿ ಆ ನೀರನ್ನೇ ಕೆಳಗೆ ಬಿಟ್ಟು ಕರೆಂಟ್ ತೆಗೀರಿ ಅಂತ ಸಲಹೆ ಕೊಡೋರು ವರ್ಷಕ್ಕೆ ಇಬ್ಬರಾದ್ರೂ ಸಿಗ್ತಾರೆ. ಸಾವಿರ ಲೀಟರ್ ನೀರು ಹತ್ತು ಮೀಟರ್ ಎತ್ತರದಿಂದ ಬಿದ್ರೆ, ಒಂದಿಷ್ಟೂ ಸೋರದೆ ಸಿಕ್ಕರೂ, 27 ವಾಟ್-ಅವರ್. ಒಂಬತ್ತು ವಾಟಿನ ಬಲ್ಬು ಮೂರು ಗಂಟೆ ಉರಿಯುತ್ತೆ. ಬೆಳಿಗ್ಗೆ ಸ್ನಾನಕ್ಕೆ ನೀರಿರಲ್ಲ.

ಗುಡ್ಡದ ಮೇಲೆ ಅಷ್ಟು ಗಾಳಿ ಫ್ಯಾನ್ ತಿರುಗ್ತಾವಲ್ಲ, ನೀವೂ ಒಂದು ಹಾಕ್ಬಹುದಲ್ಲ ಅಂತಾನೂ ಕೇಳ್ತಾರೆ. ಅವು ಗುಡ್ಡದ ನೆತ್ತಿಯಲ್ಲಿ, ಎತ್ತರದ ಕಂಬದ ಮೇಲಿವೆ. ನಮ್ಮ ಮನೆ ತೆಂಗಿನ ಮರಗಳ ಮರೆಯಲ್ಲಿದೆ. ಗಾಳಿಯ ವೇಗ ಅರ್ಧ ಆದ್ರೆ ಸಿಗೋ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಆಷಾಢದಲ್ಲೇನೋ ತಿರುಗೀತು, ಉಳಿದ ತಿಂಗಳು ಕಾಗೆ ಕೂರೋಕೆ ಆಗುತ್ತೆ.

ಪೆಟ್ರೋಲ್ ಜನರೇಟರ್ ಒಂದಿದೆ, ಸುಳ್ಳು ಹೇಳಲ್ಲ. ಹೋದ ಆಷಾಢದಲ್ಲಿ ಎರಡು ಸಲ ಓಡಿಸಿದೆ. ಎರಡೂ ಸಲ ನೆಂಟರು ಬಂದಿದ್ರು, ರುಬ್ಬೋದು ರಾತ್ರಿಗೆ ಹೋಗಿತ್ತು.

ಅವ್ವನಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ. ಅಕ್ಕಿ ನೆನೆಹಾಕೋ ಮೊದಲು ಅಂಗಳಕ್ಕೆ ಹೋಗಿ ಹಣೆಗೆ ಕೈ ಅಡ್ಡ ಹಿಡಿದು ಪಡುವಣ ನೋಡ್ತಾಳೆ. ಬಂದವರು ಫೋನ್ ಚಾರ್ಜಿಗೆ ಹಾಕ್ಲಾ ಅಂತ ಕೇಳಿದ್ರೂ ಅಷ್ಟೇ. ಫೋನಿಗೆ ಎಷ್ಟು ಮಹಾ ಬೇಕವ್ವ ಅಂದ್ರೂ ಕೇಳಲ್ಲ, ಹೊರಗೆ ಹೋಗಿ ನೋಡ್ಕೊಂಡು ಬಂದೇ "ಹಾಕಪ್ಪ" ಅನ್ನೋದು.