ನಾಲ್ಕೇ ಗೇರಿನ ಆರ್‌ಎಕ್ಸ್ 100ಕ್ಕೆ ಎಂಥ ಪೋರ್ಟಿಂಗ್?

ಪೋರ್ಟಿಂಗ್ ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಬ್ಲಾಕಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನಲ್ಲಿ, ಗಾಳಿ-ಹೊಗೆ ಹೋಗುವ ಕಿಂಡಿಗಳನ್ನು (ಪೋರ್ಟ್) ಕೊರೆದು ತಿದ್ದುವುದು. ಬ್ಲಾಕ್ ಬಿಚ್ಚಿಕೊಂಡು ಲೇತ್‌ಗೆ ಹೋದವರ ಮೊದಲ ಪ್ರಶ್ನೆ ಒಂದೇ: ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಎಷ್ಟು ಎತ್ತೋಣ? ಗಾಡಿ ಎಲ್ಲಿ ಓಡುತ್ತೆ, ಎಷ್ಟು ಗೇರಿದೆ ಅನ್ನೋದು ತೀರ್ಮಾನವಾಗದೆ ಇದಕ್ಕೆ ಉತ್ತರವೇ ಇಲ್ಲ.

ಆರ್‌ಎಕ್ಸ್ 100 ಅಂದರೆ ಯಮಹಾದ ಟೂ ಸ್ಟ್ರೋಕ್ ಬೈಕ್: 98 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 50 ಮಿ.ಮೀ., 7500 ಆರ್‌ಪಿಎಂ ಹತ್ತಿರ 11 ಕುದುರೆ, ಗೇರು ನಾಲ್ಕು. ಆ ನಾಲ್ಕೇ ಇಲ್ಲಿ ಮುಖ್ಯ. ಎಕ್ಸಾಸ್ಟ್ ಎತ್ತಿದಷ್ಟೂ ಪವರ್ ಮೇಲಿನ ಆರ್‌ಪಿಎಂಗೆ ಸರಿದು, ಗಾಡಿ ಚೆನ್ನಾಗಿ ಎಳೆಯುವ ಆರ್‌ಪಿಎಂ ಪಟ್ಟಿ ಕಿರಿದಾಗುತ್ತದೆ. ಮೂರರಿಂದ ನಾಲ್ಕಕ್ಕೆ ಹಾಕಿದಾಗ ಆರ್‌ಪಿಎಂ ಆ ಪಟ್ಟಿಯಿಂದ ಕೆಳಗೆ ಬಿದ್ದರೆ ಗಾಡಿ ಏದುಸಿರು ಬಿಡುತ್ತದೆ. ಆಷಾಢದಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಹೈವೇಲಿ ವಾಪಸ್ ಬನ್ನಿ, ಎದುರುಗಾಳಿಗೆ ಇದು ಚೆನ್ನಾಗಿ ಗೊತ್ತಾಗುತ್ತೆ: ಮೂರರಲ್ಲಿ ಕಿರುಚಾಟ, ನಾಲ್ಕರಲ್ಲಿ ನಿಟ್ಟುಸಿರು. ದಾವಣಗೆರೆ ಪಿ.ಬಿ. ರಸ್ತೆಯ ಸಿಗ್ನಲ್‌ಗಳಲ್ಲಿ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಏರಿನಲ್ಲಿ ಅರ್ಧ ಕ್ಲಚ್ಚೇ ಗತಿ.

ವಾಲ್ವಿಲ್ಲದ ಮಜ್ದಾ ರೋಟರಿ ಇಂಜಿನ್ನಿನವರಿಗೂ ಇದೇ ತಲೆನೋವು. ರಸ್ತೆಗೆ ಇರುವ ಕಿಂಡಿಯನ್ನೇ ಸ್ವಲ್ಪ ಹಿಗ್ಗಿಸುವ ಸ್ಟ್ರೀಟ್ ಪೋರ್ಟ್ ಸಾಕು. ಪಕ್ಕದಲ್ಲಿ ಇನ್ನೊಂದು ಕಿಂಡಿ ತೆಗೆಯುವ ಬ್ರಿಡ್ಜ್ ಪೋರ್ಟ್ ಮಾಡಿಸಿದರೆ ಐಡಲ್ಲೇ ಕುಂಟುತ್ತದೆ, ಹೊರಗೋಡೆಯಲ್ಲೇ ಕಿಂಡಿ ತೆಗೆಯುವ ಪೆರಿಫೆರಲ್ ಪೋರ್ಟ್ ರೇಸಿಗೇ ಸರಿ. ಅವರು ಹೌಸಿಂಗ್ ಕೊರೆಯುತ್ತಾರೆ, ನಾವು ಬ್ಲಾಕ್.

ಕೊರೆಯುವ ಮೊದಲು ಅಳೆಯಿರಿ. ಮ್ಯಾಗ್ನೆಟ್ ಕಡೆ ಕ್ರ್ಯಾಂಕಿಗೆ (ಪಿಸ್ಟನ್ ತಿರುಗಿಸುವ ದಂಡಕ್ಕೆ) ಡಿಗ್ರಿ ಗುರುತಿನ ಚಕ್ರ ಕೂರಿಸಿ, ಪಿಸ್ಟನ್ ತುತ್ತತುದಿಗೆ ಬರುವ ಜಾಗವನ್ನು ಡಯಲ್ ಗೇಜಿನಲ್ಲಿ ಹಿಡಿದು, ಪೋರ್ಟ್ ತೆರೆಯುವ ಮತ್ತು ಮುಚ್ಚುವ ಡಿಗ್ರಿ ಬರೆದುಕೊಳ್ಳಿ. ರಸ್ತೆ ಗಾಡಿಗೆ ಒಂದು ಸುತ್ತಿನಲ್ಲಿ ಎಕ್ಸಾಸ್ಟ್ ತೆರೆದಿರುವ ಅವಧಿ 170ರಿಂದ 180 ಡಿಗ್ರಿ, ಇಂಜಿನ್ನಿನ ಕೆಳಭಾಗದಿಂದ ಗಾಳಿ-ಪೆಟ್ರೋಲ್ ಮೇಲೆ ತರುವ ಟ್ರಾನ್ಸ್‌ಫರ್ 120ರ ಆಸುಪಾಸು ಇದ್ದರೆ ಸಾಕು. 190 ದಾಟಿದರೆ ಅದು ರೇಸಿನ ಬ್ಲಾಕ್. ಈ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ 1 ಮಿ.ಮೀ. ಎತ್ತಿದರೆ ಸುಮಾರು 4ರಿಂದ 5 ಡಿಗ್ರಿ ಏರುತ್ತದೆ, ಟ್ರಾನ್ಸ್‌ಫರ್ ಆದರೆ ಸುಮಾರು 6. ಕಣ್ಣಂದಾಜಿಗೆ ಅರ್ಧ ಮಿ.ಮೀ. ಹೆಚ್ಚು ತಿಂದರೂ ಗಾಡಿಯ ಗುಣವೇ ಬದಲಾಗುತ್ತದೆ.

ಕತ್ತರಿಸದೆಯೂ ರುಚಿ ನೋಡಬಹುದು. ಬ್ಲಾಕಿನ ಕೆಳಗಿನ ಪ್ಯಾಕಿಂಗನ್ನು (ಗ್ಯಾಸ್ಕೆಟ್) ಅರ್ಧ ಮಿ.ಮೀ. ದಪ್ಪ ಮಾಡಿದರೆ ಎಲ್ಲ ಪೋರ್ಟುಗಳೂ ಒಟ್ಟಿಗೆ ಅಷ್ಟು ಮೇಲೇರುತ್ತವೆ. ಕಂಪ್ರೆಷನ್ ಇಳಿಯುತ್ತದೆ ನಿಜ, ಆದರೂ ಗಾಡಿ ಯಾವ ಕಡೆ ವಾಲುತ್ತೆ ಅನ್ನೋದು ತಿಳಿಯುತ್ತೆ. ಇಷ್ಟವಾಗದಿದ್ದರೆ ಹಳೇ ಪ್ಯಾಕಿಂಗ್ ಹಾಕಿ. ಕೊರೆದ ಲೋಹ ವಾಪಸ್ ಬರೋಲ್ಲ, 1996ಕ್ಕೇ ನಿಂತುಹೋದ ಗಾಡಿಗೆ ಒರಿಜಿನಲ್ ಬ್ಲಾಕ್ ಹುಡುಕುವುದೂ ಸುಲಭವಲ್ಲ.

ನಾವು ಹೇಳುವುದು ಇಷ್ಟು: ಎಕ್ಸಾಸ್ಟಿನ ಎತ್ತರ ಮುಟ್ಟಬೇಡಿ, ಗಾಳಿಯ ದಾರಿ ಸರಿಮಾಡಿ. ಬ್ಲಾಕಿನ ಅಲ್ಯೂಮಿನಿಯಮ್ಮಿಗೂ ಒಳಗಿನ ಎರಕದ ಕಬ್ಬಿಣದ ಕೊಳವೆಗೂ (ಲೈನರ್) ಟ್ರಾನ್ಸ್‌ಫರ್ ಬಾಯಲ್ಲಿ ಮೆಟ್ಟಿಲಿರುತ್ತದೆ, ಬೆರಳು ಹಾಕಿದರೆ ಉಗುರಿಗೆ ಸಿಗುತ್ತದೆ. ಅದನ್ನು ಸಪಾಟು ಮಾಡಿ. ಕೆಳಗಿನ ಪ್ಯಾಕಿಂಗನ್ನೇ ಅಚ್ಚಾಗಿಟ್ಟು, ಕ್ರ್ಯಾಂಕ್‌ಕೇಸಿನ ಬಾಯನ್ನು ಬ್ಲಾಕಿನ ಬಾಯಿಗೆ ಹೊಂದಿಸಿ. ಆಗ ಬೇರಿಂಗಿನ ಕಡೆ ಬಟ್ಟೆ ತುರುಕಲು ಮರೆಯಬೇಡಿ, ಪುಡಿ ಒಳಗೆ ಹೋದರೆ ಕ್ರ್ಯಾಂಕಿನ ಕಥೆ ಮುಗೀತು. ಎರಡು ಬದಿಯ ಟ್ರಾನ್ಸ್‌ಫರ್ ಒಂದೇ ಎತ್ತರದಲ್ಲಿ ತೆರೆಯಬೇಕು. ಎಕ್ಸಾಸ್ಟ್ ಅಗಲ ಮಾಡುವುದಾದರೆ ಬೋರಿನ 62ರಿಂದ 65 ಶೇಕಡಾ ಗಡಿ, ಅಂದರೆ 31ರಿಂದ 32 ಮಿ.ಮೀ. ಮೇಲಂಚು ಕಮಾನಿನ ಹಾಗಿರಲಿ. ನೇರ ಅಂಚಾದರೆ ಅಗಲದ ಕಿಂಡಿಯಲ್ಲಿ ಉಬ್ಬಿದ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ರಿಂಗಿನ ಪಿನ್ ಯಾವ ಜಾಗದಲ್ಲಿದೆ ನೋಡಿಕೊಳ್ಳಿ, ಅದರ ದಾರಿಗೆ ಯಾವ ಪೋರ್ಟೂ ಬರಬಾರದು.

ಕೆಲಸದ ಸರದಿಯೂ ಮುಖ್ಯ. ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಹಿಗ್ಗಿಸುವುದು ಮೊದಲು, ಪೋರ್ಟಿಂಗ್ ನಂತರ, ಆಮೇಲೆ ಎಲ್ಲ ಪೋರ್ಟುಗಳ ಅಂಚನ್ನೂ ಉಜ್ಜಿ ಚಾಂಫರ್, ಕೊನೆಗೆ ಒಳಗೋಡೆಯನ್ನು ಕಲ್ಲಿನಲ್ಲಿ ಉಜ್ಜುವ ಹೋನಿಂಗ್. ತಿರುವುಮುರುವಾದರೆ ಚಾಂಫರೇ ಬೋರಿನಲ್ಲಿ ಹೋಗಿಬಿಡುತ್ತದೆ. ನಂತರ ಸೋಪಿನ ಬಿಸಿನೀರಲ್ಲಿ ತೊಳೆದು ತಕ್ಷಣ ಎಣ್ಣೆ ಸವರಿ, ಎರಕದ ಲೈನರ್ ನಿಮಿಷಗಳಲ್ಲಿ ತುಕ್ಕು ಹಿಡಿಯುತ್ತೆ.

ಜೋಡಿಸಿದ ಮೇಲೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ಟನ್ನು ಒಂದೆರಡು ನಂಬರ್ ಹೆಚ್ಚಿಟ್ಟು ಶುರುಮಾಡಿ, ಆಮೇಲೆ ಇಳಿಸಿ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದಿದ್ದರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗೋದು ಗ್ಯಾರಂಟಿ. ಆಯಿಲ್ ಪಂಪ್ ಕಿತ್ತು ಬಿಸಾಡುವ ಚಾಳಿ ಬೇಡ. ಕಿತ್ತಿದ್ದೇ ಆದರೆ ಲೀಟರ್ ಪೆಟ್ರೋಲಿಗೆ 25ರಿಂದ 30 ಮಿ.ಲೀ. 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಬೇಕು. ಹೀಗೆ ಬೆರೆಸಿದ ಗಾಡಿಯಲ್ಲಿ ಜೋಗಿಮಟ್ಟಿ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನ ಮೇಲೆ ಇಳಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ತೀರಾ ಕಡಿಮೆಯಾಗುತ್ತದೆ, ಆಗಾಗ ಸ್ವಲ್ಪ ತಿರುವುತ್ತಿರಿ.

500 ಕಿ.ಮೀ. ಆದಮೇಲೆ ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಂದ ಪಿಸ್ಟನ್ ಮೇಲೆ ಟಾರ್ಚ್ ಬಿಡಿ. ಪೋರ್ಟಿನ ಎರಡು ಅಂಚಿನ ನೇರಕ್ಕೆ ಸಣ್ಣ ಉದ್ದಗೀರು ಕಂಡರೆ ಜೆಟ್ ಬದಲಿಸುತ್ತಾ ಕೂರಬೇಡಿ, ಚಾಂಫರ್ ಸಾಲದು. ಬ್ಲಾಕ್ ಮತ್ತೆ ಬಿಚ್ಚಲೇಬೇಕು.