"ಮುಂಬೈ ಕ್ರೂಸ್‌ಗೆ ಎಷ್ಟಾಯ್ತು? ನಮ್ಮಂಥವರಿಗೆ ಆಗುತ್ತಾ?"

ಹಡಗಿನಲ್ಲಿ ಹೋಗಿಬಂದೆ ಅಂತ ಗೊತ್ತಾದ ಮೇಲೆ ಆಫೀಸಿನವರು, ನೆಂಟರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳುವುದು ಇದೊಂದೇ. ಉತ್ತರ ಹೀಗಿದೆ: ಆಗುತ್ತದೆ. ಗೋವಾದಲ್ಲಿ ಒಂದು ಒಳ್ಳೆಯ ರೆಸಾರ್ಟ್ ಹಿಡಿದು, ಮೂರು ಹೊತ್ತೂ ಅಲ್ಲೇ ಉಂಡು ಬರುವ ಮನೆಯವರಿಗೆ ಕ್ರೂಸೇನೂ ದೂರದ ಮಾತಲ್ಲ. ಆದರೆ ದುಡ್ಡು ಉಳಿಯುವುದೂ ಕೈಬಿಡುವುದೂ ಹಡಗು ಹತ್ತಿದ ಮೇಲಲ್ಲ, ಅದಕ್ಕೆ ಮೊದಲೇ. ಒಂದು, ಬುಕಿಂಗ್ ಮಾಡುವ ಹೊತ್ತಿನಲ್ಲಿ. ಇನ್ನೊಂದು, ಮುಂಬೈಯಲ್ಲಿ.

ಯಾವ ಹಡಗು ಅಂತ ಮೊದಲು ಹೇಳಿಬಿಡುತ್ತೇನೆ. ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಲು ಶುರು ಮಾಡಿತು. ಹಡಗು ಹೊಸದಲ್ಲ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ ನಾರ್ಡಿಕ್ ಎಂಪ್ರೆಸ್ ಅನ್ನುವ ಹೆಸರಿನಲ್ಲಿ ಓಡಾಟ ಶುರು ಮಾಡಿತು. ಮೂರು ನಾಲ್ಕು ರಾತ್ರಿಯ ಸಣ್ಣ ಪ್ರಯಾಣಕ್ಕೆಂದೇ ಮಾಡಿದ ಹಡಗು ಅದು. ಯೂಟ್ಯೂಬಿನಲ್ಲಿ ಮಯಾಮಿಯ ದೈತ್ಯ ಹಡಗುಗಳನ್ನು ನೋಡಿ, ಒಳಗೊಂದು ಪಾರ್ಕು, ಹತ್ತಾರು ಜಾರುಬಂಡೆ ಇರುತ್ತದೆ ಅಂದುಕೊಂಡು ಹೋಗಬೇಡಿ. ಹನ್ನೊಂದು ಅಂತಸ್ತು, ಸುಮಾರು 800 ಕೋಣೆ, ಒಂದು ಈಜುಕೊಳ, ಒಂದು ಥಿಯೇಟರು, ಕ್ಯಾಸಿನೊ, ರಾಕ್ ಕ್ಲೈಂಬಿಂಗ್ ಆಡುವವರಿಗೆ ಒಂದು ಗೋಡೆ. ಎರಡು ಮೂರು ದಿನಕ್ಕೆ ಇಷ್ಟು ಸಾಕು ಅಂತ ನನ್ನ ಅಭಿಪ್ರಾಯ.

"ಮಂಗಳೂರಿನಿಂದ ಇಲ್ವಾ?" ಅಂತ ಕರಾವಳಿಯವರು ತಪ್ಪದೆ ಕೇಳುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ನಿಜ. ಆದರೆ ಅದರಲ್ಲಿ ಬಂದವರು ಇಳಿದು, ಕುದ್ರೋಳಿ, ಮೂಡುಬಿದಿರೆ, ಕಾರ್ಕಳ ನೋಡಿ ಸಂಜೆಗೆ ವಾಪಸ್ ಹತ್ತಿ ಹೋಗುತ್ತಾರೆ. ನಮಗೆ ಹತ್ತಲು ಮುಂಬೈಯೇ ಗತಿ. ಗತಿ ಅಂದೆ, ಆದರೆ ಅದೇನೂ ಕೆಟ್ಟದ್ದಲ್ಲ. ಅದರ ವಿಷಯ ಆಮೇಲೆ ಬರುತ್ತದೆ.

ಈಗ ದುಡ್ಡಿನ ಮಾತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ರೇಟನ್ನು ನಂಬಿ ಮನೆಯವರಿಗೆಲ್ಲ ಹೇಳಿಬಿಡಬೇಡಿ. ಆ ರೇಟು ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಗ್ರಾಚ್ಯುಟಿ (ಅಂದರೆ ಟಿಪ್ಸು), ಜಿಎಸ್‌ಟಿ ಸೇರಿಕೊಳ್ಳುತ್ತವೆ. ದುಡ್ಡು ಕಟ್ಟುವ ಕೊನೆಯ ಪುಟದವರೆಗೂ ಹೋಗಿ, ಅಲ್ಲಿ ಕಾಣುವ ಒಟ್ಟು ಮೊತ್ತವನ್ನು ತಲೆಗೂ ರಾತ್ರಿಗೂ ಭಾಗಿಸಿ. ಆಗ ಬರುವ ಅಂಕಿಯೇ ನಿಜವಾದ ರೇಟು. ಹೋಟೆಲಿಗೆ ಹೋಲಿಸುವುದಾದರೆ ಅದನ್ನೇ ಹೋಲಿಸಿ, ಊಟ ತಿಂಡಿ ಮನರಂಜನೆ ಅದರಲ್ಲೇ ಸೇರಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನಿಲ್ಲಿ ಒಂದು ಅಂಕಿ ಬರೆದರೆ ಬರುವ ವಾರ ಅದು ಸುಳ್ಳಾಗುತ್ತದೆ. ವಿಮಾನದ ಟಿಕೆಟಿನಂತೆ ಇದರ ಬೆಲೆಯೂ ದಿನದಿನಕ್ಕೆ ಏರಿಳಿಯುತ್ತದೆ.

ಬೆಲೆ ಯಾವಾಗ ಇಳಿದಿರುತ್ತದೆ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಶುಕ್ರವಾರ ಹೊರಟು ಭಾನುವಾರ ಬರುವ ಪ್ರಯಾಣಕ್ಕೆ ಮುಂಬೈಯವರೇ ಮುಗಿಬೀಳುತ್ತಾರೆ. ವಾರದ ನಡುವೆ ಹೊರಡುವುದು ಅಗ್ಗ. ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷದ ಸಮಯವನ್ನು ಮರೆತುಬಿಡಿ. ಶಾಲೆಗೆ ಹೋಗುವ ಮಕ್ಕಳಿಲ್ಲದವರಿಗೆ ಜನವರಿ ಕೊನೆ ಅಥವಾ ಫೆಬ್ರವರಿ ಒಳ್ಳೆಯದು, ಸಮುದ್ರವೂ ಶಾಂತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅರಬ್ಬಿ ಸಮುದ್ರ ಹೇಗಿರುತ್ತದೆ ಅಂತ ಉಡುಪಿ, ಕಾರವಾರದವರಿಗೆ ನಾನು ಹೇಳಬೇಕಿಲ್ಲ.

ಇನ್ನು ಕೋಣೆ. ಕಿಟಕಿ ಇಲ್ಲದ ಒಳಗಿನ ಕೋಣೆ ತೆಗೆದುಕೊಳ್ಳಿ. "ಸಮುದ್ರ ನೋಡಕ್ಕೆ ಹೋಗಿ ಕಿಟಕಿ ಇಲ್ದಿರೋ ರೂಮಾ?" ಅಂತ ನನ್ನ ಅತ್ತಿಗೆ ನಕ್ಕಿದ್ದಳು. ಆದರೆ ಹಡಗಿನಲ್ಲಿ ಕೋಣೆಯಲ್ಲಿ ಕೂರುವವರು ಯಾರು? ಸಮುದ್ರ ಇರುವುದು ಮೇಲಿನ ಡೆಕ್‌ನಲ್ಲಿ, ಸೂಟ್ ಹಿಡಿದವರಿಗೂ ನಮಗೂ ಅದು ಒಂದೇ. ಕೋಣೆ ಚಿಕ್ಕದು. ಎರಡು ಮಂಚ, ಗೋಡೆಗೆ ಮಡಚಿಟ್ಟ ಇನ್ನೊಂದೆರಡು ಮಂಚ, ಒಬ್ಬರು ತಿರುಗಿದರೆ ಇನ್ನೊಬ್ಬರು ಸರಿಯಬೇಕಾದ ಬಚ್ಚಲು. ದೀಪ ಆರಿಸಿದರೆ ಮಧ್ಯಾಹ್ನವೂ ಕಗ್ಗತ್ತಲು. ಕಮೋಡಿನ ಗುಂಡಿ ಒತ್ತಿದರೆ ವಿಮಾನದ ಕಮೋಡಿನ ಹಾಗೇ ಜೋರಾಗಿ ಎಳೆದುಕೊಳ್ಳುತ್ತದೆ, ಮಕ್ಕಳು ಬೆಚ್ಚಿಬೀಳುತ್ತಾರೆ. ಮಕ್ಕಳ ಮಾತು ಬಂತು ನೋಡಿ: ಅದೇ ಕೋಣೆಯ ಮೂರನೆಯ, ನಾಲ್ಕನೆಯ ತಲೆಗೆ ಸಾಮಾನ್ಯವಾಗಿ ರೇಟು ಕಡಿಮೆ. ಒಬ್ಬರೇ ಹೋಗುವವರಿಗೆ ಮಾತ್ರ ಅನ್ಯಾಯ, ಹೆಚ್ಚುಕಡಿಮೆ ಇಬ್ಬರ ದುಡ್ಡು ಕೊಡಬೇಕಾಗುತ್ತದೆ. ತಲೆ ಸುತ್ತುವ ಅಭ್ಯಾಸ ಇದ್ದವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೋಣೆ ಕೇಳಿ. ತೂಗಾಟ ಅಲ್ಲಿ ಕಡಿಮೆ.

ಹಡಗಿನಲ್ಲಿ ಜೇಬು ಖಾಲಿಯಾಗುವ ದಾರಿಗಳೂ ಇವೆ. ಬಫೆ ಊಟ ಸೇರಿರುತ್ತದೆ, ಜೈನ ಊಟವೂ ಸಿಗುತ್ತದೆ. ಮದ್ಯ, ವೈಫೈ, ಸ್ಪಾ, ಬೇರೆ ರೆಸ್ಟೋರೆಂಟು, ದಡಕ್ಕೆ ಹೋದಾಗಿನ ಟೂರು, ಎಲ್ಲಕ್ಕೂ ಬೇರೆ ಬಿಲ್ಲು. ಕೋಣೆಯ ಕಾರ್ಡನ್ನೇ ಉಜ್ಜುವುದರಿಂದ ಎಷ್ಟು ಖರ್ಚಾಯಿತು ಅಂತ ಗೊತ್ತೇ ಆಗುವುದಿಲ್ಲ. ವೈಫೈ ಬಿಟ್ಟುಬಿಡಿ, ಎರಡು ದಿನ ವಾಟ್ಸಾಪ್ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ದಡ ದೂರವಾದ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಉಪಗ್ರಹದ ರೋಮಿಂಗ್ ಹಿಡಿದುಕೊಂಡರೆ ಬಿಲ್ಲು ನೋಡಿ ನಿಜಕ್ಕೂ ತಲೆ ಸುತ್ತುತ್ತದೆ. ಹಾಗೇ ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ತರಬೇಡಿ. ಬೆಂಕಿಯ ಭಯಕ್ಕೆ ಹಡಗಿನವರು ಅದನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದವರು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇನ್ನು ಮುಂಬೈ. ನಾನು ಎಲ್ಲರಿಗೂ ಜೋರು ಮಾಡಿ ಹೇಳುವುದು ಇದನ್ನೇ: ಹಿಂದಿನ ದಿನವೇ ಹೋಗಿ. ಹೊರಡುವ ದಿನ ಬೆಳಗಿನ ವಿಮಾನ ಹಿಡಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ ಅಂತ ಕೆಲವರ ಲೆಕ್ಕ. ಹಡಗು ಯಾರಿಗೂ ಕಾಯುವುದಿಲ್ಲ. ವಿಮಾನ ಮೂರು ಗಂಟೆ ತಡವಾದರೆ ಟಿಕೆಟಿನ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ. ಅಗ್ಗವಾಗಬೇಕೆಂದರೆ ರೈಲಿಗೆ ಹೋಗಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ ಮರುದಿನ ಸಂಜೆಯ ಮೇಲೆ ಸಿಎಸ್‌ಎಂಟಿ, ಅಂದರೆ ಹಳೆಯ ವಿಟಿ ಸ್ಟೇಷನ್ ಸೇರುತ್ತದೆ. ಮಂಗಳೂರು, ಉಡುಪಿ, ಕುಂದಾಪುರದವರಿಗೆ ಮತ್ಸ್ಯಗಂಧ ಇದೆ. ಮಧ್ಯಾಹ್ನ ಹತ್ತಿದರೆ ಬೆಳ್ಳಂಬೆಳಗ್ಗೆ ಕುರ್ಲಾದ ಹತ್ತಿರ ಲೋಕಮಾನ್ಯ ತಿಲಕ್ ಟರ್ಮಿನಸ್. ವಿಮಾನದಲ್ಲಿ ಬಂದವರೂ ಟ್ಯಾಕ್ಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಮೆಟ್ರೊ 3, ಅಂದರೆ ಅಕ್ವಾ ಲೈನ್, 2025ರ ಅಕ್ಟೋಬರಿನಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್ಲುಗಳ ಬಳಿ ಸ್ಟೇಷನ್ ಇದೆ, ಸಿಎಸ್‌ಎಂಟಿಯಲ್ಲೂ ಇದೆ. ಲೈನಿನ ಈ ತುದಿಯಿಂದ ಆ ತುದಿಗೆ 70 ರೂಪಾಯಿ.

ಉಳಿಯುವುದಕ್ಕೆ ಫೋರ್ಟ್, ಕೊಲಾಬಾ ದುಬಾರಿ. ದಾದರ್, ಮಾಟುಂಗಾ ಕಡೆ ನೋಡಿ. ಲೋಕಲ್ ಹಿಡಿದರೆ ಸಿಎಸ್‌ಎಂಟಿ ಸ್ವಲ್ಪ ಹೊತ್ತಿನ ದಾರಿ. ಆಫೀಸಿನ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದು ಲೋಕಲ್ ಹತ್ತುವ ಸಾಹಸ ಬೇಡ, ಹನ್ನೊಂದರ ಮೇಲೆ ಹೊರಡಿ. ಅಲ್ಲಿಂದ ಬಂದರಿಗೆ ಕಾಲಿ ಪೀಲಿ ಟ್ಯಾಕ್ಸಿ ಸಾಕು, ಮೀಟರು ಶುರುವಾಗುವುದು 31 ರೂಪಾಯಿಗೆ. ಆಟೊ ಹುಡುಕಬೇಡಿ, ದಕ್ಷಿಣ ಮುಂಬೈಗೆ ಆಟೊ ಬಿಡುವುದಿಲ್ಲ.

ಮಾಟುಂಗಾ ಅಂದಮೇಲೆ ಊಟದ ಮಾತು ಬರಲೇಬೇಕಲ್ವಾ? ಸ್ಟೇಷನ್ನಿನ ಎದುರಿಗೇ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಬಾಳೆಲೆ ಹಾಕಿ, ಸಾರು, ಹುಳಿ, ಪಲ್ಯ ಬಡಿಸುತ್ತಾರೆ. ಮೆಟ್ಟಿಲ ಮೇಲೆ ಸರದಿಗೆ ನಿಂತವರಲ್ಲಿ ಮರಾಠಿ, ಗುಜರಾತಿ, ತಮಿಳು ಎಲ್ಲ ಕೇಳುತ್ತದೆ, ಒಳಗಿನಿಂದ ಕನ್ನಡವೋ ಕೊಂಕಣಿಯೋ ತುಳುವೋ. ಅಲ್ಲೇ ನಡೆಯುವ ದೂರದಲ್ಲಿ ಕೆಫೆ ಮದ್ರಾಸ್ ಇದೆ, ಹೆಸರು ಮದ್ರಾಸಾದರೂ ನಡೆಸುವವರು ಕಾಮತರು. ಬೆಳಗ್ಗೆ ಏಳೂವರೆಗೆ ಹೋದರೆ ಕಾಯದೆ ದೋಸೆ ಸಿಗುತ್ತದೆ, ಒಂಬತ್ತಕ್ಕೆ ಹೋದರೆ ಬೀದಿಯಲ್ಲಿ ನಿಲ್ಲಬೇಕು. ಮೀನು ತಿನ್ನುವವರು ಫೋರ್ಟ್‌ನ ಮಹೇಶ್ ಲಂಚ್ ಹೋಮ್‌ಗೆ ಹೋಗಿ. ಅದು ಸೋವಿಯಲ್ಲ. ಆದರೆ ಹಡಗಿನ ಬಫೆಯಲ್ಲಿ ಗಸಿ ಸಿಗುವುದಿಲ್ಲ.

ಒಂದು ಇಡೀ ದಿನ ಕೈಯಲ್ಲಿದ್ದರೆ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ. ಸಮುದ್ರ ನಿಮಗೆ ಒಗ್ಗುತ್ತದಾ ಅಂತ ಕೆಲವು ನೂರು ರೂಪಾಯಿಯಲ್ಲಿ ಇಲ್ಲೇ ಗೊತ್ತಾಗಿಬಿಡುತ್ತದೆ, ನನ್ನನ್ನು ಕೇಳಿದರೆ ಕ್ರೂಸ್ ಬುಕ್ ಮಾಡುವ ಮೊದಲೇ ಇದನ್ನೊಮ್ಮೆ ಮಾಡಬೇಕು. ಗುಹೆಯೊಳಗೆ ಸುಮಾರು 20 ಅಡಿ ಎತ್ತರದ ಮೂರು ಮುಖದ ಸದಾಶಿವನ ಮುಂದೆ ನಿಂತಾಗ ನಮ್ಮವರಿಗೆ ಒಂದು ವಿಷಯ ನೆನಪಿರಲಿ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಹೋಗಿ, ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಅಂತ ಐಹೊಳೆಯ ಶಾಸನದಲ್ಲಿದೆ. ಆ ಪುರಿ ಇದೇ ದ್ವೀಪ ಅನ್ನುವ ಇತಿಹಾಸಕಾರರೂ ಇದ್ದಾರೆ. ಬಾದಾಮಿಯವರು ಇಲ್ಲಿಗೆ ಹಡಗಿನಲ್ಲಿ ಬಂದು ಸಾವಿರದ ನಾನೂರು ವರ್ಷ ಆಗಿರಬಹುದು!

ಆದರೆ ಹಡಗು ಹತ್ತುವ ದಿನ ಎಲಿಫೆಂಟಾ ಬೇಡ. ಆ ದಿನ ಬಂದರಿನ ಪಕ್ಕದ ಬಲ್ಲಾರ್ಡ್ ಎಸ್ಟೇಟಿನಲ್ಲೇ ಸುತ್ತಾಡಿ. ಗೇಟ್‌ವೇ ಆಫ್ ಇಂಡಿಯಾದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ರೂಪಿಸಿದ ಬಡಾವಣೆ ಅದು. ಒಂದೇ ಎತ್ತರದ ಕಲ್ಲಿನ ಕಟ್ಟಡಗಳು, ಮರದ ನೆರಳು. ಭಾನುವಾರವಾದರೆ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಬಿಟ್ಟರೆ ಜನವೇ ಇರುವುದಿಲ್ಲ. 1923ರ ಬ್ರಿಟಾನಿಯಾ ಹೋಟೆಲ್ ಇಲ್ಲೇ ಇದೆ, ಮಧ್ಯಾಹ್ನದ ಊಟಕ್ಕೆ ಹೆಸರುವಾಸಿ, ಬೆರ್ರಿ ಪುಲಾವ್ ತಿನ್ನಿ. ಒಂದು ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವರು ಇಲ್ಲಿನ ಬಲ್ಲಾರ್ಡ್ ಪಿಯರ್ ಸ್ಟೇಷನ್ನಿನಲ್ಲೇ ಪೇಷಾವರಕ್ಕೆ ಹೋಗುವ ಫ್ರಂಟಿಯರ್ ಮೇಲ್ ಹತ್ತುತ್ತಿದ್ದರು. ಆ ರೈಲು ಶುರುವಾದದ್ದು 1928ರಲ್ಲಿ. ಸುತ್ತಾಡುವಾಗ ಲಗೇಜಿನದೇ ತೊಂದರೆ. ಸಿಎಸ್‌ಎಂಟಿಯ ಕ್ಲೋಕ್‌ರೂಮಿನಲ್ಲಿ ಇಡಬಹುದು, ಆದರೆ ಚೀಲಕ್ಕೆ ಬೀಗ ಇರಬೇಕು, ರೈಲು ಟಿಕೆಟ್ ತೋರಿಸಬೇಕು.

ಬಂದರಿನ ಕ್ರೂಸ್ ಟರ್ಮಿನಲ್ಲಿನಲ್ಲಿ ವಿಮಾನ ನಿಲ್ದಾಣದ ಹಾಗೇ ತಪಾಸಣೆ. ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿಬಿಡಿ. ದೊಡ್ಡ ಚೀಲ ಅವರೇ ತೆಗೆದುಕೊಂಡು ಹೋಗಿ ಕೋಣೆಯ ಬಾಗಿಲಿಗೆ ತಲುಪಿಸುತ್ತಾರೆ, ಅದು ಬರಲು ಒಮ್ಮೊಮ್ಮೆ ಸಂಜೆಯಾಗುತ್ತದೆ. ಮಾತ್ರೆ, ಈಜುವ ಬಟ್ಟೆ, ಗುರುತಿನ ಚೀಟಿ ಕೈಚೀಲದಲ್ಲಿರಲಿ. ಹೊರಡುವ ಮೊದಲು ಸುರಕ್ಷತೆಯ ಡ್ರಿಲ್ ಇರುತ್ತದೆ, ಏಳು ಸಲ ಚಿಕ್ಕದಾಗಿ, ಎಂಟನೆಯ ಸಲ ಉದ್ದಕ್ಕೆ ಸೈರನ್ ಕೂಗುತ್ತದೆ. ಅದು ಮುಗಿದ ಕೂಡಲೇ ಊಟಕ್ಕೆ ಓಡಬೇಡಿ, ಮೇಲಿನ ಡೆಕ್ಕಿಗೆ ಹೋಗಿ. ಹಡಗು ಬಂದರಿನಿಂದ ಹೊರಬಿದ್ದ ಮೇಲೆ, ದಾರಿ ತೋರಿಸಲು ಬಂದಿದ್ದ ಪೈಲಟ್ ಹಗ್ಗದ ಏಣಿ ಹಿಡಿದು, ಓಡುತ್ತಿರುವ ಹಡಗಿನ ಪಕ್ಕದಿಂದಲೇ ಚಿಕ್ಕ ದೋಣಿಗೆ ಇಳಿಯುತ್ತಾನೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ಕಾಯುತ್ತಾನೆ, ದೋಣಿ ಅಲೆಯ ಮೇಲೆ ಎದ್ದದ್ದೇ ತಡ ಕಾಲಿಟ್ಟುಬಿಡುತ್ತಾನೆ. ಹಡಗಿನ ಥಿಯೇಟರಿನ ಯಾವ ಶೋ ಕೂಡ ನನಗೆ ಇದರಷ್ಟು ಹಿಡಿಸಲಿಲ್ಲ.

ಎಲ್ಲಿಗೆ ಹೋಗುವುದು ಅಂತ ಕೇಳಿದರೆ, ಮೊದಲ ಸಲಕ್ಕೆ ಗೋವಾ ಸಾಕು. ಲಕ್ಷದ್ವೀಪ ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ದೊಡ್ಡ ಹಡಗು ದೂರದಲ್ಲೇ ನಿಂತು, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸಬೇಕು. ಗಾಳಿ ಜೋರಾಗಿದ್ದರೆ ಇಳಿಸುವುದೇ ಇಲ್ಲ, ಆಗ ದೂರದಿಂದ ತೆಂಗಿನಮರ ನೋಡಿಕೊಂಡು ಬರುವುದು ಅಷ್ಟೇ. ಏಳನೆಯ ತಿಂಗಳ ಬಸುರಿಯರನ್ನು, ಆರು ತಿಂಗಳೊಳಗಿನ ಕೂಸುಗಳನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ, ಇದನ್ನು ಬುಕ್ ಮಾಡುವಾಗಲೇ ಕೇಳಿ.

ಗೋವಾ ಪ್ರಯಾಣದಲ್ಲಿ ನಮಗೊಂದು ಲಾಭ ಇದೆ, ಮುಂಬೈಯವರಿಗೆ ಇಲ್ಲದ್ದು. ಹಡಗು ನಿಲ್ಲುವುದು ಮುರ್ಮುಗೋವಾದಲ್ಲಿ, ವಾಸ್ಕೋ ರೈಲು ನಿಲ್ದಾಣ ಪಕ್ಕದಲ್ಲೇ. ಮುಂಬೈಯಿಂದ ಗೋವಾಕ್ಕೆ ಒಂದೇ ಕಡೆಯ ಟಿಕೆಟ್ ಇರುವ ದಿನ ಹುಡುಕಿ. ಅಲ್ಲಿ ಇಳಿದು ಯಶವಂತಪುರದ ರೈಲು ಹತ್ತಿದರೆ ದೂಧಸಾಗರ, ಕ್ಯಾಸಲ್ ರಾಕ್, ಲೋಂಡಾ ದಾಟಿ ಹುಬ್ಬಳ್ಳಿ. ಕಾರವಾರದವರು ಮಡಗಾಂವ್‌ಗೆ ಹೋಗಿ ಕೊಂಕಣ ರೈಲು ಹಿಡಿದರೆ ಊಟದ ಹೊತ್ತಿಗೆ ಮನೆಯಲ್ಲಿರಬಹುದು. ಮುಂಬೈಗೆ ವಾಪಸ್ ಹೋಗಿ ಮತ್ತೆ ಟಿಕೆಟ್ ತೆಗೆಯುವ ಖರ್ಚು ಸುಮ್ನೆ ಉಳಿಯುತ್ತದೆ. ಬುಕಿಂಗ್ ಪುಟದಲ್ಲಿ ಒಂದೇ ಕಡೆಯ ಪ್ರಯಾಣ ಕಾಣದಿದ್ದರೆ ಫೋನ್ ಮಾಡಿ ಕೇಳಿ, ರೈಲಿನ ಟಿಕೆಟನ್ನು ಮಾತ್ರ ಹಡಗು ಮುಟ್ಟುವ ದಿನಕ್ಕೇ ಮಾಡಬೇಡಿ, ಮರುದಿನಕ್ಕೆ ಮಾಡಿ.