ಮಳೆ ಮೊದಲೇ ಬಂತು, ಕಾರಿನ ಕೆಲಸ ಬಾಕಿ

25 ಮೇ 2025, ಭಾನುವಾರ
ತೀರ್ಥಹಳ್ಳಿ

ಪ್ರತಿ ವರ್ಷ ಮೇ ಕೊನೆಯ ವಾರವನ್ನು ಕಾರಿಗೆ ಅಂತಲೇ ಇಟ್ಟಿರುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಈ ಸಲ ಮುಂಗಾರು ನಿನ್ನೆಯೇ ಕೇರಳಕ್ಕೆ ಬಂದಿದೆ, ವಾಡಿಕೆಗಿಂತ ಎಂಟು ದಿನ ಮೊದಲು. 2009ರ ನಂತರ ಇಷ್ಟು ಬೇಗ ಬಂದಿದ್ದು ಇದೇ ಮೊದಲಂತೆ. ನಮ್ಮ ಕಡೆ ಅದಕ್ಕೂ ಮುಂಚೆಯೇ ಸುರಿಯಲು ಶುರುವಾಗಿತ್ತು. ಇನ್ನು ಕಾದು ಪ್ರಯೋಜನ ಇಲ್ಲ ಅಂತ ತಿಂಡಿ ಮುಗಿಸಿ ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದೆ.

"ಎಂತ ಮಾಡ್ತಿ ಮಾರಾಯ್ತಿ, ಓಡ್ತಾ ಇದೆಯಲ್ಲ ಅದು" ಅಂದರು ಅಪ್ಪ.

ಓಡುತ್ತಿದೆ, ನಿಜ. 2014ರ ವ್ಯಾಗನ್ ಆರ್, ಇವತ್ತಿಗೂ ಒಂದೇ ಸಲ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಆದರೆ ಅಮ್ಮನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು ಅಂದರೆ ಆಗುಂಬೆ ಘಾಟಿ ಇಳಿಯಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು, ಜೊತೆಗೆ ಮಂಜು. ಅಲ್ಲಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ ಅಲ್ವಾ?

ಬ್ರೇಕಿನ ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ. ಅದನ್ನು ನಿನ್ನೆಯೇ ಪೇಟೆಯ ಗ್ಯಾರೇಜಿನಲ್ಲಿ ಮಾಡಿಸಿದೆ. ಹಿಂದಿನ ಡ್ರಮ್ ಬಿಚ್ಚಿದರೆ ಒಳಗೆ ಕಪ್ಪು ಧೂಳು ಹಿಡಿಹಿಡಿ. ಅದನ್ನೆಲ್ಲ ಒರೆಸಿ, ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಕೊಟ್ಟರು. ಆಮೇಲೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, "ಅಕ್ಕಾ, ಒಮ್ಮೆ ನೋಡಿ ಇಲ್ಲಿ" ಅಂದರು. ಹೊಸದಿದ್ದಾಗ ತಿಳಿಯಾಗಿ, ನಸು ಹಳದಿ ಇರುವ ಆಯಿಲ್ ಈಗ ಕಾಫಿ ಡಿಕಾಕ್ಷನ್ ಥರ ಆಗಿತ್ತು. ಬಣ್ಣಕ್ಕಿಂತ ತೊಂದರೆ ಕೊಡುವುದು ಕಣ್ಣಿಗೆ ಕಾಣದ ನೀರು. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ, ನಮ್ಮ ಊರಲ್ಲಂತೂ ತೇವಕ್ಕೆ ಬರವೇ ಇಲ್ಲ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೂ ಕುದಿಯುವುದಿಲ್ಲ. ನೀರು ಸೇರಿದ ಮೇಲೆ 140 ಡಿಗ್ರಿ ಆಸುಪಾಸಿನಲ್ಲೇ ಕುದಿಯಬಹುದು. ಘಾಟಿಯಲ್ಲಿ ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಅಷ್ಟು ಬಿಸಿ ಆಗುವುದೇನೂ ದೊಡ್ಡ ಮಾತಲ್ಲ. ಆಯಿಲ್ ಕುದಿದರೆ ಒಳಗೆ ಗುಳ್ಳೆ ಬರುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಇಳಿದುಬಿಡುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು, ಇಳಿಯುವಾಗ ಸೆಕೆಂಡ್ ಗೇರ್ ಬಿಡದಿರುವುದು. ಎರಡೂ ಬೇಕು.

ಇವತ್ತಿನ ಕೆಲಸ ಕೊಳಕಿನದ್ದು. ಏರ್ ಫಿಲ್ಟರ್ ಡಬ್ಬಿ ಪಕ್ಕ ಅಡಿಕೆ ಸಿಪ್ಪೆ, ಹರಿದ ಗೋಣಿ ನಾರು. ಇಲಿ ಸಂಸಾರ ಹೂಡಲು ಜಾಗ ನೋಡಿಕೊಂಡು ಹೋಗಿದೆ. ವೈರ್ ಇನ್ನೂ ಕಡಿದಿಲ್ಲ, ಪುಣ್ಯ. ಎಲ್ಲ ತೆಗೆದು, ಬಟ್ಟೆ ಗಂಟಿನಲ್ಲಿ ಹೊಗೆಸೊಪ್ಪು ಕಟ್ಟಿ ಬಿಸಿ ತಾಗದ ಕಡೆ ಇಟ್ಟೆ. ಇದಕ್ಕೆ ಇಲಿ ಹೆದರುತ್ತದೋ ಇಲ್ಲವೋ, ಮೂರು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಅಭ್ಯಾಸ ಮಾತ್ರ ಬಿಡಬಾರದು. ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಒಣಗಿದ ಎಲೆ ತುಂಬಿತ್ತು. ಅಲ್ಲಿ ಕಟ್ಟಿಕೊಂಡರೆ ನೀರು ಹೊರಗೆ ಹೋಗದೆ ಒಳಗೆ ಕಾಲಡಿಗೆ ಬರಬಹುದು.

ಬಾಗಿಲುಗಳದ್ದು ಇನ್ನೊಂದು ಕಥೆ. ಎಡಗಡೆ ಹಿಂದಿನ ಬಾಗಿಲು ತೆಗೆದು ಹಾಕಿದರೆ ಒಳಗೆ ಗುಳುಗುಳು ಅನ್ನುತ್ತಿತ್ತು. ಗಾಜಿನ ಸಂದಿಯಿಂದ ಇಳಿದ ನೀರು ಹೋಗಲಿ ಅಂತ ಬಾಗಿಲ ಅಡಿಯಲ್ಲಿ ಸಣ್ಣ ತೂತು ಇರುತ್ತವೆ. ಕೆಮ್ಮಣ್ಣು ಕೂತು ಅವು ಮುಚ್ಚಿಹೋಗಿದ್ದವು. ಹಿಡಿಕಡ್ಡಿ ತಂದು ಚುಚ್ಚಿದೆ. ಕೆಂಪು ನೀರು ಸೊರ್ರನೆ ಇಳಿದು ಚಪ್ಪಲಿ ಎಲ್ಲ ಒದ್ದೆ. ಬಾಗಿಲ ಅಂಚು ಒಳಗಿನಿಂದಲೇ ತುಕ್ಕು ಹಿಡಿಯುವುದು ಹೀಗೆ. ಹೊರಗೆ ಎಷ್ಟು ಪಾಲಿಶ್ ಹೊಡೆದರೂ ಸುಮ್ನೆ. ಹೋದ ವರ್ಷ ಒಂದು ದೊಡ್ಡ ಸರ್ವಿಸ್ ಸೆಂಟರಿನವರು ನಾನು ಕೇಳದ ಪಾಲಿಶು, ಎಂಜಿನ್‌ಗೆ ಹೊಳಪು, ಸೀಟಿಗೆ ಸೆಂಟು ಎಲ್ಲ ಬಿಲ್ಲಿಗೆ ಸೇರಿಸಿದ್ದರು. ಈ ತೂತುಗಳನ್ನು ಯಾರೂ ಮುಟ್ಟಿರಲಿಲ್ಲ.

ಮಳೆಗಾಲಕ್ಕೆ ಮೊದಲು ಗಾಡಿ ಅಡಿಗೆ ಹಳೆ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಇದೆ. ನನಗೆ ಅದು ಬೇಡ. ತುಕ್ಕು ತಡೆಯುತ್ತದೋ ಏನೋ, ಅಡಿಯ ಜೋಡಣೆಗಳಲ್ಲಿರುವ ರಬ್ಬರ್ ಬುಷ್‌ಗಳನ್ನು ಮಾತ್ರ ಉಬ್ಬಿಸಿ ಹಾಳು ಮಾಡುತ್ತದೆ. ಬ್ರೇಕಿಗೆ ತಾಗಿದರಂತೂ ಮುಗಿಯಿತು. ಅದರ ಬದಲು ಮಡ್‌ಗಾರ್ಡ್ ಒಳಗೆ ಕೂತ ಕೆಸರನ್ನು ಆಗಾಗ ಪೈಪ್ ಹಿಡಿದು ತೊಳೆದರೆ ಸಾಕು. ಕೆಸರು ಇರುವಷ್ಟು ದಿನವೂ ತಗಡು ಒದ್ದೆ.

ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದು ವ್ಯಾಸಲೀನ್ ಸವರಿದೆ. ವೈಪರ್ ರಬ್ಬರ್ ಹೊಸದು ಹಾಕಿದೆ. ಎಂಜಿನ್ ಆಯಿಲ್ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮಗೆ ಯಾವಾಗಲೂ ವರ್ಷವೇ ಮೊದಲು ಬರುತ್ತದೆ.

ಉಳಿದಿದ್ದು ಟೈರ್. ಹಿಂದಿನ ಎರಡರಲ್ಲಿ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರ್ ಉಬ್ಬು, ಚೆನ್ನಾಗಿಯೇ ಇದೆ, 1.6 ಮಿಲಿಮೀಟರಿನ ಸವೆತದ ಗುರುತಿಗಿಂತ ಎಷ್ಟೋ ಮೇಲೆ. ಆದರೆ ಪಕ್ಕದಲ್ಲಿ 1818 ಅಂತ ಇದೆ. 2018ರ ಹದಿನೆಂಟನೇ ವಾರದ ಮಾಲು. ಉಗುರು ಒತ್ತಿದರೆ ರಬ್ಬರ್ ಕಲ್ಲು, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒದ್ದೆ ರಸ್ತೆಗೆ ಇವು ಬೇಡ. ಮುಂದಿನವು 2022ರವು, ಇನ್ನೂ ಪರವಾಗಿಲ್ಲ.

ಹೊಸ ಎರಡನ್ನು ಹಿಂದಕ್ಕೇ ಹಾಕಿಸೋಣ ಅಂದೆ. ಅಪ್ಪ ಒಪ್ಪುವುದಿಲ್ಲ. "ಎಳೆಯೋದು ಮುಂದಿನ ಚಕ್ರ, ಸ್ಟಿಯರಿಂಗ್ ಅದರದ್ದು, ಹೊಸದು ಅಲ್ಲಿಗೇ" ಅಂತ ಅವರ ವಾದ. ಮುಂದೆ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ವೇಗ ಇಳಿಸಿದರೆ ಕೈಗೆ ಸಿಗಬಹುದು. ಹಿಂದೆ ಜಾರಿದರೆ ಗಿರಕಿ ಹೊಡೆಯುತ್ತದೆ ಅಪ್ಪಾ, ಅಂದೆ. "ನಾನು ಎಷ್ಟು ವರ್ಷದಿಂದ ಜೀಪ್ ಓಡಿಸಿದ್ದೇನೆ ಗೊತ್ತುಂಟಾ?" ಅಂದರು. ಗೊತ್ತುಂಟು. ನಾಳೆ ಟೈರ್ ಅಂಗಡಿಗೆ ಇಬ್ಬರೂ ಹೋಗುತ್ತಿದ್ದೇವೆ, ಇದೇ ಮಾತು ಅಲ್ಲಿ ಇನ್ನೊಂದು ಸಲ ಆಗುತ್ತದೆ.